ಮಳೆ ಮುಗಿಲಿನದು, ಮಹಾಪೂರ ನೆಲದ್ದು

ಒಂದೇ ದಿನದಲ್ಲಿ ಎಂಟು ಇಂಚು ಮಳೆ ಎಂದರೆ ನಮ್ಮ ಘಟ್ಟದ ಊರುಗಳಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ಆಗುಂಬೆ, ಹುಲಿಕಲ್ಲು, ಭಾಗಮಂಡಲದ ಕಡೆ ಆಷಾಢದ ಒಂದು ಹಗಲು-ರಾತ್ರಿಯಲ್ಲಿ ಅಷ್ಟು ಮಳೆ ಬಿದ್ದರೆ ಗದ್ದೆಯ ಅಂಚು ಒಡೆದೀತು, ಕಾಲುಸಂಕ ಮುಳುಗೀತು, ಶಾಲೆಗೆ ರಜೆ ಕೊಟ್ಟಾರು. ಹೊಳವಾದೊಡನೆ ನಾಟಿ ಮುಂದುವರಿಯುತ್ತದೆ. ಹೆಚ್ಚುಕಡಿಮೆ ಅಷ್ಟೇ ಮಳೆ 2004ರ ಆಗಸ್ಟ್ 16ರಂದು ಇಂಗ್ಲೆಂಡಿನ ನೈಋತ್ಯ ತುದಿಯಲ್ಲಿರುವ ಕಾರ್ನ್‌ವಾಲ್ ಜಿಲ್ಲೆಯ ಬಾಸ್‌ಕ್ಯಾಸಲ್ ಎಂಬ ಪುಟ್ಟ ಬಂದರಿನ ಹಿಂದಿನ ಗುಡ್ಡಗಳ ಮೇಲೆ ಸುರಿಯಿತು. ಮಧ್ಯಾಹ್ನ ಆರಂಭವಾದ ಮಳೆಯಿಂದ ಸಂಜೆಯೊಳಗೆ ಊರಿನ ನಡುಬೀದಿಯೇ ಹೊಳೆಯಾಗಿತ್ತು. ಹತ್ತಾರು ಕಾರುಗಳು ಬಂದರಿನ ಕಡೆಗೆ ಕೊಚ್ಚಿಹೋದವು. ಮನೆಗಳ ಮಾಡನ್ನೂ ಮರಗಳನ್ನೂ ಏರಿ ಕುಳಿತಿದ್ದ ಸುಮಾರು ನೂರು ಮಂದಿಯನ್ನು ಹೆಲಿಕಾಪ್ಟರುಗಳು ಮೇಲೆತ್ತಿ ಉಳಿಸಿದವು. ಒಂದೂ ಜೀವಹಾನಿಯಾಗದಿದ್ದುದು ಆ ದಿನದ ದೊಡ್ಡ ಭಾಗ್ಯ.

ಮಳೆಯ ಅಳತೆ ಹೆಚ್ಚುಕಡಿಮೆ ಒಂದೇ, ಫಲ ಮಾತ್ರ ಅಜಗಜಾಂತರ. ಏಕೆ? ಈ ಪ್ರಶ್ನೆಯನ್ನು ಹಿಡಿದು ಹೊರಟರೆ ದೂರದ ದ್ವೀಪವೊಂದರ ನೆರೆಯ ಕತೆ ನಮ್ಮ ಬೆಟ್ಟ-ಬ್ಯಾಣಗಳಿಗೂ ಸಂಬಂಧಿಸಿದ್ದೆಂದು ತಿಳಿಯುತ್ತದೆ. ಬ್ರಿಟನ್ ಬಡದೇಶವಲ್ಲ. ಹವಾಮಾನ ವಿಜ್ಞಾನದಲ್ಲಿ ಜಗತ್ತಿನ ಮುಂಚೂಣಿಯಲ್ಲಿರುವ ದೇಶ. ಇನ್ನೂರೈವತ್ತು ವರ್ಷಗಳ ಮಳೆಯ ದಾಖಲೆಯನ್ನು ಜೋಪಾನವಾಗಿ ಇಟ್ಟುಕೊಂಡಿರುವ ದೇಶ. ಅಂತಹ ದೇಶವೂ ಬೇಸಿಗೆಯ ಮಳೆಯ ಮುಂದೆ ಮತ್ತೆ ಮತ್ತೆ ತತ್ತರಿಸಿದೆ, ಮತ್ತೆ ಮತ್ತೆ ಪಾಠ ಕಲಿತಿದೆ, ಕಲಿತ ಪಾಠವನ್ನು ಕೆಲವೊಮ್ಮೆ ಮರೆತೂ ಇದೆ. ಆ ಪಾಠದ ಬೆಲೆಯನ್ನು ಅವರು ತೆತ್ತಾಗಿದೆ. ಅದನ್ನು ನಾವು ಇನ್ನೊಮ್ಮೆ ತೆರಬೇಕಾಗಿಲ್ಲ.

ಅಲ್ಲಿನ ಬೇಸಿಗೆ, ನಮ್ಮ ಮಳೆಗಾಲ

ಬ್ರಿಟನ್ನಿನಲ್ಲಿ ಬೇಸಿಗೆಯೆಂದರೆ ಜೂನ್‌ನಿಂದ ಆಗಸ್ಟ್‌ವರೆಗಿನ ಕಾಲ. ನಮ್ಮಲ್ಲಿ ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷಾ ಮಳೆಗಳು ಹೊಯ್ಯುವ ದಿನಗಳೇ ಅವರಿಗೆ ಬಿಸಿಲು ಕಾಯಿಸುವ, ಪ್ರವಾಸ ಹೋಗುವ ದಿನಗಳು. ಅಲ್ಲಿ ನಮ್ಮಂತೆ ಪ್ರತ್ಯೇಕ ಮಳೆಗಾಲವೆಂಬುದಿಲ್ಲ. ಅಟ್ಲಾಂಟಿಕ್ ಸಾಗರದಿಂದ ಬರುವ ಮೋಡಗಳು ವರ್ಷವಿಡೀ ಅಷ್ಟಷ್ಟೇ ಹನಿಸುತ್ತವೆ. ಲಂಡನ್ನಿನ ಇಡೀ ವರ್ಷದ ಸರಾಸರಿ ಮಳೆ ಸುಮಾರು 600 ಮಿಲಿಮೀಟರ್ ಮಾತ್ರ. ನಮ್ಮ ಘಟ್ಟದ ನೆತ್ತಿಯಲ್ಲಿ ಜುಲೈ ತಿಂಗಳ ಒಂದು ವಾರದಲ್ಲಿ ಅಷ್ಟು ಬಿದ್ದುಹೋಗುವುದುಂಟು.

ಚಳಿಗಾಲದ ಮಳೆ ಅಲ್ಲಿ ವಿಶಾಲವಾಗಿ, ನಿಧಾನವಾಗಿ, ದಿನಗಟ್ಟಲೆ ಸುರಿಯುತ್ತದೆ. ಹೊಳೆಗಳೂ ನಿಧಾನವಾಗಿ ಏರುತ್ತವೆ. ಎಚ್ಚರಿಕೆ ಕೊಡಲು, ಮಂಚ-ಪೆಟ್ಟಿಗೆಗಳನ್ನು ಮೇಲಂತಸ್ತಿಗೆ ಸಾಗಿಸಲು ಸಮಯ ಸಿಗುತ್ತದೆ. ಬೇಸಿಗೆಯ ಮಳೆ ಹಾಗಲ್ಲ. ಕಾದ ನೆಲದಿಂದ ಮೇಲೇಳುವ ತೇವದ ಗಾಳಿ ಗೋಪುರದಂತಹ ಮೋಡಗಳನ್ನು ಕಟ್ಟುತ್ತದೆ. ನಮ್ಮ ಚೈತ್ರ-ವೈಶಾಖದ ಅಡ್ಡಮಳೆಯಂತೆ ಗುಡುಗು-ಸಿಡಿಲುಗಳೊಡನೆ ಸಣ್ಣ ಪ್ರದೇಶವೊಂದರ ಮೇಲೆ ಎರಡು-ಮೂರು ಗಂಟೆಗಳಲ್ಲಿ ಸುರಿದು ಮುಗಿಯುತ್ತದೆ. ಬಾಸ್‌ಕ್ಯಾಸಲ್‌ನಲ್ಲಿ ಆದದ್ದೂ ಇದೇ. ಆ ದಿನ ಕಾರ್ನ್‌ವಾಲ್‌ನ ಉತ್ತರ ಕರಾವಳಿಯುದ್ದಕ್ಕೂ ಎರಡು ದಿಕ್ಕಿನ ಗಾಳಿಗಳು ಒಂದು ಗೆರೆಯಲ್ಲಿ ಸಂಧಿಸಿದವು. ಆ ಗೆರೆಯ ಮೇಲೆ ಒಂದರ ಬೆನ್ನಿಗೆ ಒಂದರಂತೆ ಹುಟ್ಟಿದ ಮೋಡಗಳು ಒಂದೇ ಗುಡ್ಡಸಾಲಿನ ಮೇಲೆ ಬಂದು ಬರಿದಾದವು. ಊರಿನ ಮೇಲ್ಭಾಗದ ಆಟರ್‌ಹ್ಯಾಮ್‌ನಲ್ಲಿ 200 ಮಿ.ಮೀ. ಮಳೆ ದಾಖಲಾಯಿತು. ಅದೇ ಕರಾವಳಿಯಲ್ಲಿ ತುಸು ಉತ್ತರಕ್ಕಿರುವ ಬ್ಯೂಡ್ ಪಟ್ಟಣದಲ್ಲಿ ಬಿದ್ದದ್ದು ಸುಮಾರು ಒಂಬತ್ತು ಮಿ.ಮೀ.!

ವೆಲೆನ್ಸಿ ಎಂಬ ಆ ಹೊಳೆಯ ಜಲಾನಯನ ಪ್ರದೇಶ ಸುಮಾರು 20 ಚದರ ಕಿಲೋಮೀಟರ್. ನಮ್ಮ ಲೆಕ್ಕದಲ್ಲಿ ಅದು ಹೊಳೆಯೂ ಅಲ್ಲ, ಒಂದು ಹಳ್ಳ. ಕಣಿವೆ ಕಿರಿದು, ಇಳಿಜಾರು ಕಡಿದು, ಊರು ಆ ಕಣಿವೆಯ ಬಾಯಲ್ಲಿದೆ. ನೀರಿನೊಡನೆ ಬುಡಮೇಲಾದ ಮರಗಳೂ ಕಾರುಗಳೂ ಬಂದು ಸೇತುವೆಯ ಕಣ್ಣಿಗೆ ಅಡ್ಡ ಸಿಕ್ಕಿಕೊಂಡವು. ಕಟ್ಟಿಕೊಂಡ ನೀರು ದಾರಿ ಬದಲಿಸಿ ಬೀದಿಗೆ ನುಗ್ಗಿತು. ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಊರನ್ನು ಕೆಡವಿದ್ದು ಇಡೀ ದಿನದ ಮಳೆಯ ಮೊತ್ತವಲ್ಲ. ಆ ನೀರು ಹಳ್ಳವನ್ನು ತಲುಪಲು ತೆಗೆದುಕೊಂಡ ಅತ್ಯಲ್ಪ ಸಮಯ, ತಲುಪಿದ ಮೇಲೆ ಹಾಯಲು ಸಿಕ್ಕ ಅತ್ಯಲ್ಪ ಜಾಗ - ಇವೆರಡು ಸೇರಿದಾಗ ಮಳೆ ಮಹಾಪೂರವಾಗುತ್ತದೆ. ಸಾವಿರಾರು ವರ್ಷಗಳಿಂದ ಮುಂಗಾರನ್ನು ಹೊತ್ತು ಹರಿದ ನಮ್ಮ ಹಳ್ಳ-ಹೊಳೆಗಳು ತಮ್ಮ ಪಾತ್ರವನ್ನು ಆ ನೀರಿಗೆ ತಕ್ಕಂತೆ ಕೊರೆದುಕೊಂಡಿವೆ. ತೆಳುಮಳೆಯ ನಾಡಿನ ಹಳ್ಳಕ್ಕೆ ಆ ಅಭ್ಯಾಸವಿಲ್ಲ.

ಐವತ್ತೆರಡು ವರ್ಷಗಳ ಹಿಂದಿನ ಎಚ್ಚರಿಕೆ

ಬಾಸ್‌ಕ್ಯಾಸಲ್ ಮೊದಲನೆಯದಲ್ಲ. ಸರಿಯಾಗಿ 52 ವರ್ಷಗಳ ಹಿಂದೆ, 1952ರ ಆಗಸ್ಟ್ 15-16ರ ರಾತ್ರಿ, ಪಕ್ಕದ ಡೆವನ್ ಜಿಲ್ಲೆಯ ಲಿನ್‌ಮತ್ ಎಂಬ ಕಡಲಂಚಿನ ಊರು ಇದಕ್ಕಿಂತ ಘೋರವಾದುದನ್ನು ಕಂಡಿತ್ತು. ಎಕ್ಸ್‌ಮೂರ್ ಎಂಬ ಎತ್ತರದ ಹುಲ್ಲುಬೋಳಿನ ಮೇಲೆ 24 ಗಂಟೆಗಳಲ್ಲಿ ಸುಮಾರು 230 ಮಿ.ಮೀ. ಮಳೆಯಾಯಿತು. ಹಿಂದಿನ ವಾರಗಳ ಮಳೆಯಿಂದ ನೆಲ ಆಗಲೇ ಕುಡಿದು ತಣಿದಿತ್ತು. ಬಿದ್ದದ್ದೆಲ್ಲ ಜಾರಿ ಹರಿಯಿತು. ಈಸ್ಟ್ ಲಿನ್, ವೆಸ್ಟ್ ಲಿನ್ ಎಂಬ ಎರಡು ಹೊಳೆಗಳು ಬಂಡೆ-ಮರಗಳನ್ನು ಉರುಳಿಸಿಕೊಂಡು ಕತ್ತಲಲ್ಲಿ ಊರಿನ ಮೇಲೆ ಬಂದವು. 34 ಮಂದಿ ಸತ್ತರು. ಪ್ರದೇಶದ 31 ಸೇತುವೆಗಳಲ್ಲಿ 28 ನಾಶವಾದವು ಇಲ್ಲವೇ ಜಖಂಗೊಂಡವು. ನಾನೂರಕ್ಕೂ ಹೆಚ್ಚು ಜನ ಮನೆ ಕಳೆದುಕೊಂಡರು. ಊರಿಗೆ ಬೆಳಕು ಕೊಡುತ್ತಿದ್ದ ಸಣ್ಣ ಜಲವಿದ್ಯುತ್ ಸ್ಥಾವರವೂ ಅದರಲ್ಲಿ ಹೋಯಿತು.

ಲಿನ್‌ಮತ್‌ನಲ್ಲಿ ಹೊಳೆ ಹೊಸ ಜಾಗವನ್ನು ಆಕ್ರಮಿಸಲಿಲ್ಲ. ಪ್ರವಾಸಿಗರಿಗಾಗಿ ಅಂಗಡಿ-ವಸತಿಗೃಹಗಳನ್ನು ಕಟ್ಟಲು ಜಾಗ ಬೇಕೆಂದು ಜನರು ಹೊಳೆಯ ಪಾತ್ರವನ್ನು ಕಿರಿದುಗೊಳಿಸಿ ಬದಿಗೆ ತಳ್ಳಿದ್ದರು. ಆ ರಾತ್ರಿ ಹೊಳೆ ತನ್ನ ಹಳೆಯ ಹಾದಿಯನ್ನೇ ಹಿಡಿದು ನಡೆಯಿತು. ಮರುನಿರ್ಮಾಣದಲ್ಲಿ ಊರಿನವರು ಹೊಳೆಗೆ ಅಗಲವಾದ ಪಾತ್ರವನ್ನು ಬಿಟ್ಟುಕೊಟ್ಟರು. ನಮ್ಮ ಹಿರಿಯರು ಹೇಳುವ 'ನೀರಿಗೆ ನೆನಪಿದೆ' ಎಂಬ ಮಾತಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಈ ದುರಂತದ ಬಾಲಕ್ಕೆ ಒಂದು ವದಂತಿಯೂ ಅಂಟಿಕೊಂಡಿತು. ಸೇನೆಯವರು ಮೋಡ ಬಿತ್ತನೆಯ ಪ್ರಯೋಗ ನಡೆಸಿದ್ದೇ ಕಾರಣವೆಂಬ ಮಾತು ಅರ್ಧ ಶತಮಾನ ಉಳಿಯಿತು; 2001ರಲ್ಲಿ ಬಿಬಿಸಿ ರೇಡಿಯೋ ಆ ಬಗ್ಗೆ ಕಾರ್ಯಕ್ರಮವನ್ನೂ ಮಾಡಿತು. ಆ ಕಾಲದಲ್ಲಿ ಪ್ರಯೋಗಗಳು ನಡೆದದ್ದು ನಿಜ. ಆದರೆ ನೈಋತ್ಯ ಇಂಗ್ಲೆಂಡಿನ ಬಹುಭಾಗವನ್ನು ತೋಯಿಸಿದ ಮಳೆಯನ್ನು ಅವು ತಂದವೆಂಬುದಕ್ಕೆ ಆಧಾರವಿಲ್ಲ. ಮನುಷ್ಯನ ಸ್ವಭಾವವೇ ಹೀಗೆ. ಅಪರಾಧಿಯನ್ನು ಆಕಾಶದಲ್ಲಿ ಹುಡುಕುವುದು ಸುಲಭ, ಕಾಲ ಕೆಳಗಿನ ನೆಲದಲ್ಲಿ ಹುಡುಕುವುದು ಕಷ್ಟ. ಮೋಡವನ್ನು ದೂರಿದರೆ ಯಾರೂ ಬೇಸರಿಸುವುದಿಲ್ಲ. ಹೊಳೆಯ ಜಾಗದಲ್ಲಿ ಕಟ್ಟಿದವರ ಹೆಸರು ಹೇಳಿದರೆ ಊರಿನಲ್ಲಿ ವೈರ ಹುಟ್ಟುತ್ತದೆ.

2007: ಬೀದಿಯಿಂದಲೇ ಬಂದ ನೆರೆ

ಮಹಾಪೂರವೆಂದರೆ ಹೊಳೆ ಉಕ್ಕುವುದು ಎಂಬ ನಂಬಿಕೆಯನ್ನು ಬ್ರಿಟನ್ನಿನಲ್ಲಿ ಅಲುಗಿಸಿದ್ದು 2007ರ ಬೇಸಿಗೆ. ಆ ವರ್ಷ ಮೇ, ಜೂನ್, ಜುಲೈ ಮೂರು ತಿಂಗಳಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಸರಾಸರಿ 414 ಮಿ.ಮೀ. ಮಳೆಯಾಯಿತು. 1766ರಲ್ಲಿ ದಾಖಲೆ ಆರಂಭವಾದಂದಿನಿಂದ ಆ ತಿಂಗಳುಗಳಲ್ಲಿ ಅಷ್ಟು ಮಳೆ ಬಂದಿರಲಿಲ್ಲ. ಜೂನ್ 25ರಂದು ಯಾರ್ಕ್‌ಶೈರ್ ಪ್ರದೇಶ, ಜುಲೈ 20ರಂದು ಗ್ಲಾಸ್ಟರ್‌ಶೈರ್ ಮತ್ತು ವೂಸ್ಟರ್‌ಶೈರ್ ಪ್ರದೇಶ ಮುಳುಗಿದವು. 13 ಮಂದಿ ಸತ್ತರು. ಸುಮಾರು 55,000 ಮನೆ-ಮಳಿಗೆಗಳಿಗೆ ನೀರು ನುಗ್ಗಿತು.

ಹಲ್ ಎಂಬ ಬಂದರು ನಗರ ಸಮತಟ್ಟಾದದ್ದು. ಅದರ ಬಹುಭಾಗ ಸಮುದ್ರದ ಭರತದ ಮಟ್ಟಕ್ಕಿಂತ ಕೆಳಗಿದೆ. ಅಲ್ಲಿ ಯಾವ ನದಿಯೂ ಒಡ್ಡು ಒಡೆಯಲಿಲ್ಲ. ಒಂದೇ ದಿನ ಬಿದ್ದ ಸುಮಾರು 100 ಮಿ.ಮೀ. ಮಳೆಯನ್ನು ಚರಂಡಿಗಳು ಹೊರಲಾರದೆ ಹೋದವು; ನೀರು ಬೀದಿಯಲ್ಲಿಯೇ ಹುಟ್ಟಿ ಬಾಗಿಲೊಳಗೆ ಬಂತು. ಎಂಟು ಸಾವಿರಕ್ಕೂ ಹೆಚ್ಚು ಮನೆಗಳು, ನಗರದ 99 ಶಾಲೆಗಳಲ್ಲಿ 91 ಹಾನಿಗೊಂಡವು. ಭೋರ್ಗರೆಯುವ ಹೊಳೆಯ ದೃಶ್ಯ ಅಲ್ಲಿರಲಿಲ್ಲವಾದ್ದರಿಂದ ಪತ್ರಿಕೆ-ದೂರದರ್ಶನಗಳ ಕಣ್ಣೂ ಅತ್ತ ಹೊರಳಲಿಲ್ಲ. ನಗರಸಭೆಯ ಮುಖ್ಯಸ್ಥರು ತಮ್ಮದನ್ನು 'ಮರೆತುಹೋದ ನಗರ' ಎಂದು ಕರೆಯಬೇಕಾಯಿತು.

ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು ಅಲ್ಲಿ ಒಂದು ಒಳ್ಳೆಯ ಕೆಲಸ ಮಾಡಿದರು. ನಗರದ 44 ನಿವಾಸಿಗಳಿಂದ ಒಂದೂವರೆ ವರ್ಷ ಕಾಲ ವಾರವಾರವೂ ದಿನಚರಿ ಬರೆಸಿದರು. ಮಕ್ಕಳ ಅನುಭವವನ್ನೂ ಪ್ರತ್ಯೇಕವಾಗಿ ದಾಖಲಿಸಿದರು. ಆ ಬರಹಗಳಿಂದ ಹೊರಬಿದ್ದ ಸತ್ಯವೆಂದರೆ, ಜನರನ್ನು ಹೆಚ್ಚು ಬಳಲಿಸಿದ್ದು ನೀರು ಬಂದ ದಿನವಲ್ಲ, ನೀರು ಇಳಿದ ಮೇಲಿನ ತಿಂಗಳುಗಳು. ವಿಮೆಯವರು, ಗುತ್ತಿಗೆದಾರರು, ಒಣಗದ ಗೋಡೆಗಳು, ತಾತ್ಕಾಲಿಕ ವಸತಿ, ಯಾರನ್ನು ಕೇಳಬೇಕೆಂದು ತಿಳಿಯದ ಸ್ಥಿತಿ - ಇವೇ ಆ ದಿನಚರಿಗಳಲ್ಲಿ ತುಂಬಿದ್ದವು. ತುರ್ತು ಪರಿಹಾರಕ್ಕೆ ಸರ್ಕಾರದಲ್ಲಿ ವ್ಯವಸ್ಥೆಯಿರುತ್ತದೆ, ಬದುಕು ಮತ್ತೆ ಕಟ್ಟಿಕೊಳ್ಳುವ ದೀರ್ಘ ಕಾಲಕ್ಕೆ ಇರುವುದಿಲ್ಲ. ಗುಡ್ಡ ಕುಸಿದು ಮನೆ ಕಳೆದುಕೊಂಡ ನಮ್ಮ ಕೊಡಗಿನ ಕುಟುಂಬಗಳಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ.

ಗ್ಲಾಸ್ಟರ್‌ಶೈರಿನಲ್ಲಿ ಕಂಡದ್ದು ಇನ್ನೊಂದು ಬಗೆಯ ವಿಪರ್ಯಾಸ. ಸೆವರ್ನ್ ಮತ್ತು ಏವನ್ ನದಿಗಳ ಸಂಗಮದಲ್ಲಿರುವ ಟ್ಯೂಕ್ಸ್‌ಬರಿ ಪಟ್ಟಣದ ಹನ್ನೆರಡನೆಯ ಶತಮಾನದ ಇಗರ್ಜಿ ನಡುನೀರಿನ ದ್ವೀಪದಂತೆ ನಿಂತಿದ್ದ ಚಿತ್ರವನ್ನು ಅಂದು ಜಗತ್ತೆಲ್ಲ ನೋಡಿತು. ಎತ್ತರದ ತಾಣವನ್ನು ಹುಡುಕಿ ಕಟ್ಟಿದ ಹಿಂದಿನವರ ವಿವೇಕಕ್ಕೂ ತಗ್ಗಿಗಿಳಿದ ಇಂದಿನವರ ಅವಸರಕ್ಕೂ ಆ ಚಿತ್ರವೇ ಭಾಷ್ಯ. ಅದೇ ಪಟ್ಟಣದ ಬಳಿಯಿರುವ ಮೈದ್ ಎಂಬ ನೀರು ಶುದ್ಧೀಕರಣ ಘಟಕ ಮುಳುಗಿ ಸುಮಾರು ಮೂರೂವರೆ ಲಕ್ಷ ಜನರಿಗೆ ನಲ್ಲಿಯ ನೀರು ನಿಂತುಹೋಯಿತು; ಕೆಲವರಿಗೆ 17 ದಿನಗಳವರೆಗೆ. ಸುತ್ತ ನೀರೇ ನೀರು, ಕುಡಿಯಲು ಬಾಟಲಿ!

ಸರ್ಕಾರ ನೇಮಿಸಿದ ಸರ್ ಮೈಕೆಲ್ ಪಿಟ್ ಅವರ ಸಮೀಕ್ಷೆ 2008ರಲ್ಲಿ 92 ಶಿಫಾರಸುಗಳನ್ನು ಮುಂದಿಟ್ಟಿತು. 2010ರಲ್ಲಿ ನೆರೆ ಮತ್ತು ಜಲ ನಿರ್ವಹಣಾ ಕಾಯಿದೆ ಬಂತು. ಮನೆಯ ಮುಂದಿನ ಅಂಗಳಕ್ಕೆ ನೀರಿಳಿಯದ ಹಾಸು ಹಾಕುವುದಿದ್ದರೆ, ಅದು ಐದು ಚದರ ಮೀಟರ್ ದಾಟಿ ನೀರು ಬೀದಿಗೆ ಹರಿಯುವಂತಿದ್ದರೆ ಅನುಮತಿ ಪಡೆಯಬೇಕೆಂಬ ನಿಯಮ ಇಂಗ್ಲೆಂಡಿನಲ್ಲಿ 2008ರ ಅಕ್ಟೋಬರಿನಿಂದಲೇ ಇದೆ. ಸೆಗಣಿ ಸಾರಿಸುತ್ತಿದ್ದ ಅಂಗಳಗಳಿಗೆ ಸಿಮೆಂಟಿನ ಹಾಸು ಹೊದಿಸುತ್ತಿರುವ ನಾವು ಇದನ್ನು ಎರಡು ಸಲ ಓದಬೇಕು. ಹಾಗೆಂದು ಅಲ್ಲಿ ಎಲ್ಲವೂ ಸುಸೂತ್ರವಾಯಿತೆಂದು ತಿಳಿಯಬೇಕಾಗಿಲ್ಲ. ಹೊಸ ಬಡಾವಣೆಗಳು ತಮ್ಮ ಮಳೆನೀರನ್ನು ತಮ್ಮಲ್ಲೇ ನಿಧಾನಿಸಿ ಬಿಡಬೇಕೆಂಬ ಅದೇ ಕಾಯಿದೆಯ ಭಾಗವನ್ನು ವೇಲ್ಸ್ 2019ರಲ್ಲಿ ಜಾರಿಗೆ ತಂದಿತು. ಇಂಗ್ಲೆಂಡಿನಲ್ಲಿ ಅದು ದಶಕ ದಾಟಿದರೂ ಜಾರಿಯಾಗದೆ ಉಳಿಯಿತು. ಅಷ್ಟರಲ್ಲಿ 2012ರ ಜೂನ್ 28ರ ಸಂಜೆ ನ್ಯೂಕ್ಯಾಸಲ್ ನಗರದಲ್ಲಿ ಸುಮಾರು ಎರಡು ಗಂಟೆಗಳಲ್ಲಿ 50 ಮಿ.ಮೀ. ಮಳೆ ಸುರಿದು ಊರಿಗೆ ಊರೇ ಸ್ತಬ್ಧವಾಯಿತು. ತಮ್ಮ ನಗರವನ್ನು ಪ್ರೀತಿಯಿಂದ 'ಟೂನ್' ಎನ್ನುವ ಅಲ್ಲಿಯವರು ಆ ಮಳೆಗೆ 'ಟೂನ್ ಮಾನ್ಸೂನ್' ಎಂದು ಅಡ್ಡಹೆಸರಿಟ್ಟರು. ನಮ್ಮ ಮುಂಗಾರಿನ ಹೆಸರು ಅಲ್ಲಿ ಆಪತ್ತಿನ ಹೆಸರಾಯಿತು. 2017ರ ಜುಲೈ 18ರಂದು ಕಾರ್ನ್‌ವಾಲ್‌ನ ಕವರ‍್ಯಾಕ್ ಎಂಬ ಮೀನುಗಾರರ ಹಳ್ಳಿ, 2021ರ ಜುಲೈ 12 ಮತ್ತು 25ರಂದು ಲಂಡನ್ನಿನ ನೆಲಮಾಳಿಗೆಯ ಮನೆಗಳು ಮತ್ತು ಸುರಂಗ ರೈಲು ನಿಲ್ದಾಣಗಳು ಅದೇ ಬಗೆಯ ಮಳೆಗೆ ಸಿಕ್ಕವು.

ಮುಂದಿನ ದಿನಗಳ ಬಗ್ಗೆ ವಿಜ್ಞಾನ ಏನನ್ನುತ್ತದೆ? ಗಾಳಿಯ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಅದು ಹಿಡಿದಿಡಬಲ್ಲ ತೇವಾಂಶ ಸುಮಾರು ಶೇಕಡಾ 7ರಷ್ಟು ಹೆಚ್ಚುತ್ತದೆ. ಬ್ರಿಟನ್ನಿನ ಹವಾಮಾನ ಇಲಾಖೆ ಮತ್ತು ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ದಕ್ಷಿಣ ಬ್ರಿಟನ್ನನ್ನು ಒಂದೂವರೆ ಕಿಲೋಮೀಟರಿನ ಚೌಕಗಳಾಗಿ ವಿಂಗಡಿಸಿ ಗಣಕದಲ್ಲಿ ಲೆಕ್ಕ ಹಾಕಿ 2014ರಲ್ಲಿ ಪ್ರಕಟಿಸಿದ ಅಧ್ಯಯನದ ಸಾರ ಇಷ್ಟು: ಬೇಸಿಗೆಗಳು ಒಟ್ಟಿನಲ್ಲಿ ಒಣಗುತ್ತವೆ, ಆದರೆ ಬರುವ ಮಳೆ ಒಂದೊಂದು ಗಂಟೆಯಲ್ಲಿ ಇನ್ನಷ್ಟು ರಭಸವಾಗಿ ಸುರಿಯುತ್ತದೆ. ಕಡಿಮೆ ಮಳೆ, ಹೆಚ್ಚು ನೆರೆ. ವಿರೋಧಾಭಾಸದಂತೆ ಕಂಡರೂ ಇದು ನಮಗೂ ಅಪರಿಚಿತವಾಗಿ ಉಳಿದಿಲ್ಲ.

ಕುರಿಯ ಗೊರಸು, ಟ್ರ್ಯಾಕ್ಟರಿನ ಗಾಲಿ

ಈಗ ನೆಲದ ಮಾತಿಗೆ ಬರೋಣ. ಆರೋಗ್ಯವಂತ ಮಣ್ಣಿನ ಒಡಲಲ್ಲಿ ಅರ್ಧದಷ್ಟು ಖಾಲಿ ಜಾಗವಿರುತ್ತದೆ. ಬೇರು ಕೊಳೆತ ಕೊಳವೆಗಳು, ಎರೆಹುಳು ಕೊರೆದ ಸುರಂಗಗಳು, ಕಣಗಳ ನಡುವಿನ ಬಿರುಕುಗಳು - ಇವೇ ಮಳೆನೀರು ಒಳಗಿಳಿಯುವ ಬಾಗಿಲುಗಳು. ಮೇಲಿನಿಂದ ಭಾರ ಬಿದ್ದರೆ ಈ ಬಾಗಿಲುಗಳು ಮುಚ್ಚುತ್ತವೆ. ಆಗ ಹಸಿರು ಹುಲ್ಲು ಹೊದ್ದ ಗುಡ್ಡವೂ ನೀರಿನ ಪಾಲಿಗೆ ಹೆಂಚಿನ ಮಾಡಿನಂತೆಯೇ.

ಬ್ರಿಟನ್ನಿನ ಗುಡ್ಡಗಾಡಿನಲ್ಲಿ ಆದದ್ದು ಅದೇ. ಎರಡನೆಯ ಮಹಾಯುದ್ಧದ ನಂತರ ಆಹಾರ ಹೆಚ್ಚಿಸುವ ಹುಮ್ಮಸ್ಸಿನಲ್ಲಿ ಸರ್ಕಾರ ಕುರಿಗಳ ತಲೆಯೆಣಿಸಿ ಸಹಾಯಧನ ಕೊಟ್ಟಿತು. ಸ್ವಾಭಾವಿಕವಾಗಿ ತಲೆಗಳು ಹೆಚ್ಚಿದವು. ಗೊರಸುಗಳು ನೆಲವನ್ನು ಗಟ್ಟಿ ಮಾಡಿದವು. ಶತಮಾನಗಳಿಂದ ಸ್ಪಂಜಿನಂತೆ ನೀರು ಹೀರುತ್ತಿದ್ದ ಎತ್ತರದ ಕಪ್ಪು ಜೌಗುನೆಲಗಳನ್ನು ಒಣಗಿಸಲು ಸಾಲು ಸಾಲು ಕಾಲುವೆ ತೋಡಲು ಅನುದಾನ ಕೊಟ್ಟಿತು. ಹಾಗೆ ತೋಡಿದ ಕಾಲುವೆಗಳನ್ನು ಮುಚ್ಚಲು ಮುಂದಿನ ತಲೆಮಾರು ಮತ್ತೆ ಅನುದಾನ ಕೊಡಬೇಕಾಯಿತು. ನೈಋತ್ಯ ಇಂಗ್ಲೆಂಡಿನಲ್ಲಿ 2002ರಿಂದ 2011ರವರೆಗೆ ಮೂರು ಸಾವಿರಕ್ಕೂ ಹೆಚ್ಚು ಹೊಲಗಳ ಮಣ್ಣನ್ನು ಅಗೆದು ನೋಡಿದ ಸಮೀಕ್ಷೆಯೊಂದು, ತಡವಾಗಿ ಕೊಯ್ಯುವ ಮುಸುಕಿನ ಜೋಳದ ಹೊಲಗಳಲ್ಲಿ ನಾಲ್ಕರಲ್ಲಿ ಮೂರರ ಮಣ್ಣಿನ ರಚನೆ ತೀವ್ರವಾಗಿ ಕೆಟ್ಟಿದ್ದುದನ್ನು ತೋರಿಸಿತು. ತೇವದ ನೆಲದಲ್ಲಿ ಭಾರಿ ಯಂತ್ರ ಓಡಾಡಿದ ಫಲವದು. ಇಳಿಜಾರಿನ ಬ್ಯಾಣಗಳನ್ನು ಯಂತ್ರದಿಂದ ಕೆರೆದು ಶುಂಠಿ ಹಾಕುವ ನಮ್ಮವರಿಗೆ ಇದರ ಅರ್ಥ ತಿಳಿಯದಿರದು.

ಇದಕ್ಕೆ ಎದುರಾದ ಉದಾಹರಣೆ ವೇಲ್ಸ್‌ನ ಪೊವಿಸ್ ಜಿಲ್ಲೆಯ ಪಾಂಟ್‌ಬ್ರೆನ್. ಅಲ್ಲಿಯ ಹತ್ತು ರೈತ ಕುಟುಂಬಗಳು ಯಾವ ಇಲಾಖೆಯ ಆದೇಶಕ್ಕೂ ಕಾಯದೆ, ತಮ್ಮ ಕುರಿಗಳಿಗೆ ಗಾಳಿ-ಚಳಿಯಿಂದ ಮರೆಯಾಗಲೆಂದು, ಹಟ್ಟಿಯ ಹಾಸಿಗೆಗೆ ಕೊಂಡು ತರುವ ಹುಲ್ಲಿನ ಬದಲು ಮರದ ಚಕ್ಕೆ ಸಿಗಲೆಂದು, ಹುಲ್ಲುಗಾವಲುಗಳ ಅಂಚಿನಲ್ಲಿ ಮರಗಳ ಪಟ್ಟಿಗಳನ್ನು ಬೆಳೆಸಿದರು. ಮರದ ಪಟ್ಟಿ ಇರುವಲ್ಲಿ ಗುಡ್ಡದಿಂದ ಹರಿದು ಬಂದ ನೀರು ಮಾಯವಾಗುವುದು ಅವರ ಕಣ್ಣಿಗೆ ಬಿತ್ತು. ವಿಜ್ಞಾನಿಗಳು ಬಂದು ಅಳೆದಾಗ, ಪಕ್ಕದ ಮೇವುನೆಲಕ್ಕಿಂತ ಮರದ ಪಟ್ಟಿಯಲ್ಲಿ ನೀರು ಇಂಗುವ ವೇಗ 60 ಪಟ್ಟಿನವರೆಗೂ ಹೆಚ್ಚಿತ್ತು. ಮರಗಳಿಗೆ ಕೆಲವೇ ವರ್ಷ ವಯಸ್ಸಾಗಿದ್ದರೂ! ರೈತರ ಕಣ್ಣು ಮೊದಲು, ವಿಜ್ಞಾನದ ಉಪಕರಣ ನಂತರ ಎಂಬ ಈ ಕ್ರಮವನ್ನು ಕೃಷಿ ವಿಜ್ಞಾನದ ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು.

ಓಡುವ ನೀರನ್ನು ನಡೆಸಿದವರು

ಉತ್ತರ ಯಾರ್ಕ್‌ಶೈರಿನ ಪಿಕರಿಂಗ್ ಪಟ್ಟಣ 1999ರಿಂದ 2007ರೊಳಗೆ ನಾಲ್ಕು ಸಲ ಮುಳುಗಿತು. ಊರಿನ ನಡುವೆ ಎತ್ತರದ ತಡೆಗೋಡೆ ಕಟ್ಟುವ ಯೋಜನೆಗೆ ಭಾರಿ ಖರ್ಚು. ರಕ್ಷಣೆ ಪಡೆಯುವ ಮನೆಗಳು ಕಡಿಮೆ. ಆದ್ದರಿಂದ ಲೆಕ್ಕ ಕೂಡಲಿಲ್ಲ. ಆಗ ಅರಣ್ಯ ಸಂಶೋಧಕರು, ಸ್ಥಳೀಯರು, ಭೂಮಾಲೀಕರು ಸೇರಿ 2009ರಲ್ಲಿ ಬೇರೆ ದಾರಿ ಹಿಡಿದರು. ಮೇಲಿನ ಹಳ್ಳಗಳಿಗೆ ಅಡ್ಡವಾಗಿ ಮರದ ದಿಮ್ಮಿಗಳ 167 ತಡೆಗಳನ್ನು, ಸಣ್ಣ ಕೊರಕಲುಗಳಿಗೆ ಹೆದರ್ ಎಂಬ ಪೊದೆಗಿಡದ ಕಂತೆಗಳ 187 ತಡೆಗಳನ್ನು ಹಾಕಿದರು. ಸಾಧಾರಣ ಹರಿವು ದಿಮ್ಮಿಗಳ ಅಡಿಯಿಂದ ಹಾಯುತ್ತದೆ. ನೆರೆ ಬಂದಾಗ ಮಾತ್ರ ದಿಮ್ಮಿ ತಡೆದು ನೀರನ್ನು ದಡದ ಕಾಡಿಗೆ ಹರಡುತ್ತದೆ. ಹತ್ತಾರು ಸಾವಿರ ಗಿಡ ನೆಟ್ಟರು. ಊರಿನ ಮೇಲ್ಗಡೆ ಸುಮಾರು 12 ಕೋಟಿ ಲೀಟರ್ ನೀರನ್ನು ತಾತ್ಕಾಲಿಕವಾಗಿ ಹಿಡಿಯುವ ಮಣ್ಣಿನ ಒಡ್ಡು ಕಟ್ಟಿದರು. 2015ರ ಡಿಸೆಂಬರ್ 26ರಂದು ಸುತ್ತಲಿನ ಊರುಗಳು ಮುಳುಗಿದಾಗ ಪಿಕರಿಂಗ್‌ನಲ್ಲಿ ನೆರೆಯ ತುದಿಹರಿವು ಶೇಕಡಾ 15ರಿಂದ 20ರಷ್ಟು ತಗ್ಗಿತೆಂದು ಅಂದಾಜಾಯಿತು. ಊರು ಉಳಿಯಲು ಅಷ್ಟು ಸಾಕಾಯಿತು.

ನಾರ್ಥಂಬರ್ಲೆಂಡಿನ ಬೆಲ್‌ಫರ್ಡ್ ಹಳ್ಳಿಯಲ್ಲಿ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದವರು ರೈತರ ಹೊಲದ ಮೂಲೆಗಳಲ್ಲಿ ಇಂತಹವೇ ಪುಟ್ಟ ತಡೆಗಳನ್ನು ಮಾಡಿದರು. ಕಾಲ್ಡರ್ ಕಣಿವೆಯ ಹೆಬ್ಡನ್ ಬ್ರಿಜ್ ಬಳಿ ಊರಿನ ಸ್ವಯಂಸೇವಕರೇ ವಾರಾಂತ್ಯಗಳಲ್ಲಿ ಕಾಡಿಗೆ ಹೋಗಿ ನೂರಾರು ದಿಮ್ಮಿ ತಡೆಗಳನ್ನು ಕಟ್ಟಿದ್ದಾರೆ. ಓಡುವ ನೀರನ್ನು ನಡೆಸು, ನಡೆಯುವ ನೀರನ್ನು ನಿಲ್ಲಿಸು, ನಿಂತ ನೀರನ್ನು ಇಂಗಿಸು ಎಂಬ ನಮ್ಮ ನೆಲ-ಜಲ ಚಳವಳಿಗಳ ಹಳೆಯ ಮಾತಿನ ಮೊದಲ ಪಾದವನ್ನು ಅವರು ತಮ್ಮ ದಾರಿಯಲ್ಲಿ ಕಂಡುಕೊಂಡರು.

ಇದರ ಮಿತಿಯನ್ನೂ ಹೇಳದಿದ್ದರೆ ಅಪ್ರಾಮಾಣಿಕತೆಯಾಗುತ್ತದೆ. ಸಣ್ಣ ಜಲಾನಯನದಲ್ಲಿ, ಮಧ್ಯಮ ಮಳೆಯಲ್ಲಿ ಈ ಕ್ರಮಗಳು ಫಲ ಕೊಡುತ್ತವೆ. ಐದು ಗಂಟೆಗಳಲ್ಲಿ ಎಂಟು ಇಂಚು ಸುರಿದರೆ ಯಾವ ದಿಮ್ಮಿಯೂ ತಡೆಯಲಾರದು. ಬಾಸ್‌ಕ್ಯಾಸಲ್‌ನಲ್ಲಿ ಸೇತುವೆಯನ್ನು ಕಟ್ಟಿದ್ದು ದಡದ ಮರಗಳೇ ಎಂಬುದನ್ನೂ ಮರೆಯಬಾರದು. ಗಿಡ ನೆಟ್ಟರೆ ಸಾಕು ಎನ್ನುವವರೂ, ಕಾಂಕ್ರೀಟ್ ಸುರಿದರೆ ಸಾಕು ಎನ್ನುವವರೂ ಅರ್ಧ ಸತ್ಯವನ್ನೇ ಹೇಳುತ್ತಿದ್ದಾರೆ. ಬಾಸ್‌ಕ್ಯಾಸಲ್‌ನಲ್ಲಿ ಹೊಳೆಯನ್ನು ಅಗಲಿಸಿ ಆಳಗೊಳಿಸಿದರು, ಸೇತುವೆಯನ್ನು ಬದಲಿಸಿದರು, ಕಾರು ನಿಲ್ಲುವ ಜಾಗವನ್ನು ಎತ್ತರಿಸಿದರು. ಮೇಲೆ ನೀರಿಗೆ ತಡ, ಕೆಳಗೆ ನೀರಿಗೆ ಎಡೆ - ಎರಡೂ ಬೇಕು.

ಬೆಟ್ಟದವರ ದುಡಿಮೆಗೆ ಬೆಲೆ ಕೊಡುವವರು ಯಾರು?

ಈ ಕತೆಯಲ್ಲಿ ನಮ್ಮನ್ನು ನೇರವಾಗಿ ತಟ್ಟುವ ಪ್ರಶ್ನೆ ಇದು. ನೀರನ್ನು ನಿಧಾನಿಸುವ ಕೆಲಸ ನಡೆಯಬೇಕಾದದ್ದು ಬೆಟ್ಟದ ರೈತನ ನೆಲದಲ್ಲಿ. ಅದರ ಲಾಭ ಸಿಗುವುದು ತಗ್ಗಿನ ಪೇಟೆಗೆ. ಪೇಟೆಯವರು ಬೆಟ್ಟದವರನ್ನು ದೂರುವುದು, ಬೆಟ್ಟದವರು ಕಾನೂನಿನ ಭಯದಲ್ಲಿ ಬದುಕುವುದು - ಇದು ನ್ಯಾಯವಲ್ಲ. ಬ್ರಿಟನ್ನಿನ 2020ರ ಕೃಷಿ ಕಾಯಿದೆ, ಪ್ರಕೃತಿ ವಿಕೋಪವನ್ನು ತಗ್ಗಿಸುವಂತೆ ಭೂಮಿಯನ್ನು ನಿರ್ವಹಿಸುವ ರೈತನಿಗೆ ಸಾರ್ವಜನಿಕ ಹಣ ಕೊಡಬಹುದೆಂದು ಸ್ಪಷ್ಟವಾಗಿ ಬರೆದುಕೊಂಡಿತು. ತತ್ವ ದೊಡ್ಡದು. ಆದರೆ ಆಚರಣೆ ಅಷ್ಟು ಗಟ್ಟಿಯಾಗಿಲ್ಲ. ಇಂಗ್ಲೆಂಡಿನ ಸುಸ್ಥಿರ ಬೇಸಾಯ ಪ್ರೋತ್ಸಾಹ ಯೋಜನೆಗೆ ಹೊಸ ಅರ್ಜಿಗಳನ್ನು 2025ರ ಮಾರ್ಚ್‌ನಲ್ಲಿ ಇದ್ದಕ್ಕಿದ್ದಂತೆ ನಿಲ್ಲಿಸಿದಾಗ ರೈತರು ಕಂಗಾಲಾದರು. ಮರ ಬೆಳೆಯಲು ಮೂವತ್ತು ವರ್ಷ ಬೇಕು, ಮಣ್ಣು ಚೇತರಿಸಲು ಹತ್ತು ವರ್ಷ ಬೇಕು. ಸರ್ಕಾರದ ಮನಸ್ಸು ಬದಲಾಗಲು ಒಂದು ಸಂಜೆ ಸಾಕು. ಪಾಂಟ್‌ಬ್ರೆನ್ನಿನ ರೈತರು ಮೊದಲು ತಮ್ಮ ಕುರಿ, ತಮ್ಮ ಹಟ್ಟಿಗಾಗಿ ಮರ ಬೆಳೆಸಿದ್ದರಿಂದಲೇ ಆ ಕೆಲಸ ನೆಲೆ ನಿಂತಿತು ಎಂಬುದನ್ನು ನೆನೆಯಬೇಕು. ನಮ್ಮ ಸೊಪ್ಪಿನಬೆಟ್ಟಗಳು ಉಳಿದುಬಂದದ್ದೂ ತೋಟಕ್ಕೆ ಸೊಪ್ಪು-ದರಕು ಬೇಕೆಂಬ ಕಾರಣದಿಂದಲೇ. ಬಳಕೆಯೇ ರಕ್ಷಣೆಯ ಮೊದಲ ಬೇಲಿ, ಅನುದಾನ ಎರಡನೆಯದು.

ಆತ್ಮೀಯ ಓದುಗರೇ, ಅಲ್ಲಿಯದನ್ನು ಹಾಗೆಯೇ ತಂದು ಇಲ್ಲಿ ನೆಡಬೇಕೆಂದು ಈ ಪತ್ರಿಕೆ ಹೇಳುವುದಿಲ್ಲ. ನಮ್ಮ ಹಳ್ಳಗಳ ಆಷಾಢದ ಸೆಳೆತಕ್ಕೆ ದಿಮ್ಮಿಗಳು ಕಿತ್ತು ಕೆಳಗಿನ ಮೋರಿಯನ್ನೇ ಕಟ್ಟಬಹುದು. ಅದಕ್ಕಿಂತ ಮುಖ್ಯವಾಗಿ, ಮಣ್ಣು ಆಳವಾಗಿರುವ ನಮ್ಮ ಕಡಿದಾದ ಇಳಿಜಾರುಗಳಲ್ಲಿ, ಅದೂ ಬುಡವನ್ನು ರಸ್ತೆಗೋ ಮನೆಗೋ ಕಡಿದಿರುವಲ್ಲಿ, ನೀರನ್ನು ಇಂಗಿಸುವುದೇ ಗುಡ್ಡ ಜಾರಲು ಕಾರಣವಾದೀತು. 2018ರಲ್ಲಿ ಕೊಡಗು, 2024ರಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರು ನಮಗೆ ಕಲಿಸಿದ್ದು ಕುಸಿತದ ಪಾಠವನ್ನು. ಎಲ್ಲಿ ಇಂಗಿಸಬೇಕು, ಎಲ್ಲಿ ಬಸಿಗಾಲುವೆ ತೋಡಿ ಜೋಪಾನವಾಗಿ ಹೊರಗೊಯ್ಯಬೇಕು ಎಂಬ ವಿವೇಚನೆ ಗುಡ್ಡ ಗುಡ್ಡಕ್ಕೂ ಬೇರೆ.

ತರಬೇಕಾದದ್ದು ಅವರ ಕ್ರಮವನ್ನು. ಪ್ರತಿ ಊರಿನ ಶಾಲೆಯಲ್ಲಿ ಒಂದು ಮಳೆಮಾಪಕವಿರಲಿ. ದಿನದ ಮೊತ್ತದ ಜೊತೆಗೆ ಗಂಟೆ ಗಂಟೆಯ ರಭಸವನ್ನೂ ವಿದ್ಯಾರ್ಥಿಗಳು ಬರೆದಿಡಲಿ, ಏಕೆಂದರೆ ನೆರೆ ಹುಟ್ಟುವುದು ಆ ಗಂಟೆಯಲ್ಲಿ. ಹಲ್ ನಗರದವರಂತೆ, ನೆರೆ ಅಥವಾ ಕುಸಿತ ಕಂಡ ಮನೆಗಳು ಮುಂದಿನ ತಿಂಗಳುಗಳ ದಿನಚರಿಯನ್ನೂ ದಾಖಲಿಸಲಿ. ರೋಹಿಣಿ ಮಳೆಗೆ ಮೊದಲು ಊರಿನವರೆಲ್ಲ ಸೇರಿ ಹಳ್ಳದ ಉದ್ದಕ್ಕೂ ಒಮ್ಮೆ ನಡೆದು, ಕಟ್ಟಿಕೊಂಡ ಮೋರಿ, ವಾಲಿದ ಮರ, ಹಳ್ಳದ ಜಾಗಕ್ಕೆ ಬಂದ ಹೊಸ ಕಟ್ಟಡಗಳನ್ನು ಪಟ್ಟಿ ಮಾಡಿ ಗ್ರಾಮಸಭೆಯ ಮುಂದಿಡಲಿ. ರಸ್ತೆ, ರೆಸಾರ್ಟು, ಬಡಾವಣೆ ಯಾವುದೇ ಬರಲಿ, ಅದರ ಮಳೆನೀರು ಎಲ್ಲಿಗೆ, ಎಷ್ಟು ವೇಗದಲ್ಲಿ ಹೋಗುತ್ತದೆಂದು ಬರವಣಿಗೆಯಲ್ಲಿ ಕೇಳಲಿ. ಬೆಟ್ಟವನ್ನು ಬೆಟ್ಟವಾಗಿಯೇ ಉಳಿಸಿಕೊಂಡಿರುವ ಕೃಷಿಕನ ದುಡಿಮೆಯಲ್ಲಿ ತಗ್ಗಿನ ಪಟ್ಟಣಗಳ ಪಾಲೆಷ್ಟು ಎಂಬ ಪ್ರಶ್ನೆಯನ್ನು ನಮ್ಮ ಪ್ರತಿನಿಧಿಗಳ ಮುಂದೆ ಇಡುವ ಕಾಲವೂ ಬಂದಿದೆ.

ಲಿನ್‌ಮತ್‌ಗೂ ಬಾಸ್‌ಕ್ಯಾಸಲ್‌ಗೂ ನಡುವೆ ಐವತ್ತೆರಡು ವರ್ಷಗಳ ಬಿಡುವಿತ್ತು. ನಮ್ಮ ಮಳೆಗಾಲಗಳು ಅಷ್ಟು ಬಿಡುವು ಕೊಡುತ್ತಿಲ್ಲ.